ಕೊಳಗಕ್ಕೆ ಎಷ್ಟು ಸೇರು?

ನಮ್ಮ ಸೋದರಮಾವನನ್ನು ಮದುವೆ ಮಾತುಕತೆಗೆ ಕರೆದುಕೊಂಡು ಹೋಗುವುದೂ ಒಂದೇ, ಬೀಡಿ ಹಚ್ಚಿಕೊಂಡು ಹುಲ್ಲಿನ ಬಣವೆ ಹತ್ತುವುದೂ ಒಂದೇ! ಇದು ನನ್ನ ಮಾತಲ್ಲ, ನಮ್ಮ ಅತ್ತೆಯದು. ನಲವತ್ತು ವರ್ಷ ಅವರ ಜೊತೆ ಬಾಳಿದ ಹೆಂಗಸೇ ಹಾಗೆ ಹೇಳಿದ ಮೇಲೆ ನಾನು ಅಲ್ಲ ಅನ್ನಲೇ? ಆದರೂ ಕರೆದುಕೊಂಡು ಹೋದೆವು. ಅದೂ ಯಾರ ಮದುವೆ ಮಾತುಕತೆಗೆ? ನನ್ನದೇ!

ಮಾವ ಆರ್ಥಿಕ ಇತಿಹಾಸದ ಪ್ರೊಫೆಸರ್. ಈಗ ನಿವೃತ್ತರು. ಅಂದರೆ ಸಂಬಳ ನಿಂತಿದೆ, ಪಾಠ ನಿಂತಿಲ್ಲ. ಇತಿಹಾಸ ಅಂದರೆ ರಾಜ, ರಾಣಿ, ಯುದ್ಧ ಅಂದುಕೊಂಡು ಅವರ ಕ್ಲಾಸಿಗೆ ಬಂದ ಹುಡುಗರು ಮೊದಲ ದಿನವೇ ಮೋಸ ಹೋಗುತ್ತಿದ್ದರು. "ರಾಜ ಹೆಂಗಾದ್ರೂ ಸಾಯ್ಲಿ ಮಾರಾಯ! ಅವನ ಕುದುರೆಗೆ ಹುರುಳಿ ಯಾರು ಕೊಟ್ರು, ಯಾವ ಅಳತೇಲಿ ಕೊಟ್ರು, ಅದನ್ನ ಹೇಳು!" ಪಾವು, ಸೇರು, ಬಳ್ಳ, ಕೊಳಗ ಇವೇ ಅವರ ರಾಜರು. ಡಾಕ್ಟರೇಟ್ ಆಗಿದ್ದು ಅದರ ಮೇಲೆ, ಬರೆದ ಒಂದೇ ಪುಸ್ತಕ ಅದರ ಮೇಲೆ. ಅಡಿಟಿಪ್ಪಣಿಯಲ್ಲಿ ಕಾಲು ಸೇರು ಹೆಚ್ಚುಕಡಿಮೆಯಾಗಿದ್ದಕ್ಕೆ ವಿಭಾಗದ ಮುಖ್ಯಸ್ಥರೊಂದಿಗೆ ಜಗಳವಾಡಿ ಬಡ್ತಿ ಕಳೆದುಕೊಂಡಿದ್ದೂ ಅದರ ಮೇಲೆಯೇ.

ನನಗೆ ಮಗ್ಗಿ ಬರುವ ಮೊದಲೇ ಅವರು ಒಂದು ಪಾಠ ಹೇಳಿಕೊಟ್ಟಿದ್ದರು. ಸೇರಿನಲ್ಲಿ ಅಳೆಯುವುದಕ್ಕೆ ಎರಡು ಬಗೆ. ಬಾಯಿಯ ಮೇಲೆ ಕೋಲು ಎಳೆದು, ತಲೆ ಸವರಿ ಅಳೆಯುವುದು ಒಂದು. ಮೇಲೆ ಗುಡ್ಡೆ ನಿಲ್ಲಿಸಿ ರಾಶಿಯಾಗಿ ಅಳೆಯುವುದು ಇನ್ನೊಂದು. ಎರಡಕ್ಕೂ ಸೇರು ಅಂತಲೇ ಹೆಸರು. ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಬ್ಬ ಮನುಷ್ಯನ ಊಟದಷ್ಟು ಅಂತರ. "ಸವರಿದ್ದೇ ಅಳತೆ. ರಾಶಿ ಹಾಕೋದು ಅಳತೆ ಅಲ್ಲ, ದಾನ ಇಲ್ಲಾ ದರೋಡೆ," ಅನ್ನುತ್ತಿದ್ದರು.

ಅವರ ಹೆಗಲ ಚೀಲದಲ್ಲಿ ಸರ್ಕಾರಿ ಮುದ್ರೆ ಒತ್ತಿದ ಕಬ್ಬಿಣದ ಸೇರೊಂದು ಸದಾ ಇರುತ್ತದೆ. ಒಮ್ಮೆ ಶಿರಾಳಕೊಪ್ಪದ ಸಂತೆಯಲ್ಲಿ ಶೇಂಗಾ ಮಾರುವ ಹೆಂಗಸಿನ ಸೇರನ್ನು ಕಿತ್ತುಕೊಂಡು, ತಿರುಗಿಸಿ, "ಇದರ ತಳ ಯಾಕಮ್ಮ ಒಳಗೆ ಉಬ್ಬಿದೆ?" ಅಂದರು. ಆಕೆ ಬಿಡುತ್ತಾಳೆಯೇ? "ನಿಮ್ಮ ಹೊಟ್ಟೆ ಯಾಕೆ ಹೊರಗೆ ಉಬ್ಬೇತಿ ಅಂತ ನಾ ಕೇಳೀನೇನ್ರೀ?" ಸುತ್ತ ಜನ ಸೇರಿತು. ಶೇಂಗಾದವಳ ಅಣ್ಣತಮ್ಮಂದಿರು ಲುಂಗಿ ಎತ್ತಿ ಕಟ್ಟುವುದನ್ನು ಕಂಡು ನಾನು ಮಾವನನ್ನು ಎಳೆದುಕೊಂಡು ಎದುರಿಗೆ ಸಿಕ್ಕ ಬಸ್ ಹತ್ತಿದೆ. ಅದು ನಮ್ಮೂರ ಕಡೆಯದಲ್ಲ, ಹಾನಗಲ್ಲಿನ ಬಸ್ಸಾಗಿತ್ತು!

ಅವರ ಸ್ವಂತ ಮದುವೆಯೇ ಬೇಡ ಬಿಡಿ. ಅತ್ತೆ ಹೊಸಿಲ ಮೇಲಿನ ಅಕ್ಕಿ ಸೇರನ್ನು ಒದ್ದು ಮನೆ ತುಂಬಬೇಕು. ಬಲಗಾಲು ಎತ್ತಿದ್ದಾರೆ, ಅಷ್ಟರಲ್ಲಿ ಮದುಮಗ ಬಗ್ಗಿ, "ತಡಿ, ಮುದ್ರೆ ಐತೋ ಇಲ್ವೋ ನೋಡ್ತೀನಿ," ಅಂದರಂತೆ. "ಅವತ್ತು ಒಂಟಿಕಾಲಲ್ಲಿ ನಿಂತೋಳು, ಇವತ್ತಿಗೂ ಹಂಗೇ ನಿಂತೀನಿ," ಎನ್ನುತ್ತಾರೆ ಅತ್ತೆ.

ಇಂಥವರನ್ನು ನಂಬಿ ನನ್ನ ಮದುವೆ! ನಾನೂ ಹುಡುಗನೂ ಶಿರಾಳಕೊಪ್ಪದ ಒಂದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆವು. ನಮಗೆ ನಾವು ಒಪ್ಪಿಗೆಯಾಗಲು ಎರಡು ತಿಂಗಳು ಸಾಕಾಯಿತು, ಮನೆಯವರು ಒಪ್ಪಲು ಎರಡು ವರ್ಷ ಬೇಕಾಯಿತು. ಕೊನೆಗೆ ಉಳಿದವರು ಹುಡುಗನ ಅಜ್ಜ. ಸೊರಬದ ಹತ್ತಿರದ ಹಳ್ಳಿಯ ಹಳೇ ಜಮೀನುದಾರರು, ಮನೆತನದ ಮರ್ಯಾದೆ ಅಂದರೆ ಪ್ರಾಣ. (ಅವರು ಈಗಿಲ್ಲ. ಇದ್ದಿದ್ದರೆ ಇದನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.) ಹೆಣ್ಣಿನ ಕಡೆಯ ಹಿರಿಯರು ಬಂದು ಮಾತಾಡಲಿ, ಆಮೇಲೆ ನೋಡೋಣ ಎಂದಿದ್ದರು. ಅಪ್ಪ ತೀರಿಕೊಂಡಿದ್ದರಿಂದ ನಮಗಿದ್ದ ಹಿರಿಯರು ಮಾವ ಒಬ್ಬರೇ.

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಅವರ ಕೈ ಹಿಡಿದು ಆಣೆ ಹಾಕಿಸಿಕೊಂಡಳು. "ಅಣ್ಣಾ, ಅಲ್ಲಿ ಮಳೆ ಬಗ್ಗೆ ಮಾತಾಡು. ಬೆಳೆ ಬಗ್ಗೆ ಬೇಡ. ಬೆಳೆ ಅಂದ್ರೆ ನೀನು ಭತ್ತಕ್ಕೆ ಹೋಗ್ತೀಯ, ಭತ್ತದಿಂದ ಗೇಣಿಗೆ ಹೋಗ್ತೀಯ, ಗೇಣಿಯಿಂದ ನನ್ನ ಮಗಳು ಮನೇಲೇ ಉಳೀತಾಳೆ." ಮಾವ ಮಗುವಿನ ಹಾಗೆ ತಲೆಯಾಡಿಸಿದರು. ಬಸ್ಸಿನಲ್ಲಿ ಯಾರೋ ತಾಳಗುಂದ ಅಂದಾಗ ಶಾಸನದ ನೆನಪಾಗಿ ಅರ್ಧ ಎದ್ದರು. ಅಮ್ಮ ಅಂಗಿ ಹಿಡಿದು ಕೂರಿಸಿದಳು.

ಹುಡುಗನ ಮನೆಯಲ್ಲಿ ಅರ್ಧ ಗಂಟೆ ಎಲ್ಲವೂ ಸುಸೂತ್ರ. ಮಾವ ಮಳೆ ಬಗ್ಗೆ ಮಾತಾಡಿದರು. ಮಳೆ ಮುಗಿದ ಮೇಲೆ ಇನ್ನೊಮ್ಮೆ ಮಳೆ ಬಗ್ಗೆಯೇ ಮಾತಾಡಿದರು! ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ತಿನ್ನುತ್ತ ತಿನ್ನುತ್ತ ಅವರ ಚಮಚ ಗಾಳಿಯಲ್ಲಿ ನಿಂತಿತು. ದೇವರ ಕೋಣೆಯ ಬಾಗಿಲ ಪಕ್ಕ ಕಬ್ಬಿಣದ ಪಟ್ಟಿ ಬಿಗಿದ ಮರದ ಕೊಳಗವೊಂದು ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

"ಆ ಕೊಳಗ…" ಅಂದರು ಮಾವ. ಅಮ್ಮ ಕೆಮ್ಮಿದಳು.

"ನಮ್ಮಜ್ಜನ ಕಾಲದ್ದು," ಅಂದರು ಅಜ್ಜ ಹೆಮ್ಮೆಯಿಂದ. "ಗೇಣಿಯವರ ಭತ್ತ ಅದ್ರಲ್ಲೇ ಅಳಸ್ಕೊಳ್ತಿದ್ದಿದ್ದು."

"ಎಷ್ಟು ಸೇರಿಂದು?"

"ಕೊಳಗಕ್ಕೆ ಎಷ್ಟು ಸೇರು ಇರ್ತದೆ? ಮೂರು!"

"ಅಳೆದಿದ್ದೀರಾ?"

ಹುಡುಗನ ಅಪ್ಪ ಕಾಫಿ ಲೋಟ ಕೆಳಗಿಟ್ಟರು. ಹುಡುಗ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಅಜ್ಜ ಕುರ್ಚಿಯಿಂದ ಎದ್ದೇ ನಿಂತರು.

"ಎಂತ ಮಾತು ಮಾರಾಯ್ರೆ ಇದು? ಆಗಲೂ ಊರಲ್ಲಿ ಕೆಲವ್ರು ಹಿಂಗೇ ಆಡ್ಕೊಳ್ತಿದ್ರು, ನಮ್ಮ ಕೊಳಗ ದೊಡ್ಡದು ಅಂತ. ನಮ್ಮಪ್ಪ ಅದೇ ಕೊರಗಲ್ಲಿ ಹೋದ್ರು. ಕೇಳಿದ್ದೀರಲ್ಲ, ಈಗ ಅಳೀರಿ! ಹೆಚ್ಚು ಬಂದ್ರೆ ಒಪ್ಕೊಳ್ತೇನೆ. ಆದ್ರೆ ನಮ್ಮನ್ನ ಕಳ್ಳರು ಮಾಡಿದ ಮನೆಯಿಂದ ಈ ಮನೆಗೆ ಹೆಣ್ಣು ಬರೂದಿಲ್ಲ!"

ಮುಗಿಯಿತು, ಅಂದುಕೊಂಡೆ. ಕಾಲು ಸೇರಿಗೆ ಬಡ್ತಿ ಬಿಟ್ಟವರು ಸೋದರಸೊಸೆಗೋಸ್ಕರ ಸುಮ್ಮನಿರುತ್ತಾರೆಯೇ? ನಡುಮನೆಯಲ್ಲಿ ಜಮಖಾನ ಹಾಸಿದರು, ಭತ್ತದ ಚೀಲ ಬಿಚ್ಚಿದರು. ಮಾವ ಪಂಚೆ ಎತ್ತಿ ಕಟ್ಟಿ ಕೂತು, ಕೊಳಗವನ್ನು ಎಳೆದುಕೊಂಡು ಅದರ ಒಳಗೆಲ್ಲ ಅಂಗೈ ಆಡಿಸಿದರು. ಎಷ್ಟು ಹೊತ್ತು ಆಡಿಸಿದರೆಂದರೆ ಹುಡುಗನ ಅಪ್ಪ, "ಏನಾಯ್ತ್ರೀ?" ಅಂದರು. ಮಾವ ಚೀಲದಿಂದ ತಮ್ಮ ಸೇರು ತೆಗೆದರು.

ಮೊದಲನೇ ಸೇರು ತುಂಬಿದರು. ಈಗ ಕೋಲು ಎಳೆಯುತ್ತಾರೆ ಎಂದು ನಾನು ಕಾದೆ. ಎಳೆಯಲಿಲ್ಲ. ಗುಡ್ಡೆ ಸಮೇತ ಹಾಗೆಯೇ ಕೊಳಗಕ್ಕೆ ಸುರಿದರು. ಮರೆತರೋ ಏನೋ! ಎರಡನೆಯದಕ್ಕೂ ಗುಡ್ಡೆ. ಮೂರನೆಯದಕ್ಕೆ ಎಡಗೈಯಲ್ಲಿ ಮೇಲಿನಿಂದ ಇನ್ನಷ್ಟು ಭತ್ತ ಸುರಿದು, ಕಾಳು ಜಾರುವಷ್ಟು ರಾಶಿ ನಿಲ್ಲಿಸಿ, ಮೆಲ್ಲಗೆ ಬಗ್ಗಿಸಿದರು. ಕೊಳಗ ಬಾಯಿಮಟ್ಟಕ್ಕೆ ತುಂಬಿತು. ಆಗ ಕೋಲು ತೆಗೆದು ಕೊಳಗದ ಮೇಲೆ ಎಳೆದರು. ಒಂದು ಕಾಳೂ ಕೆಳಗೆ ಬೀಳಲಿಲ್ಲ.

"ಮೂರು ಸೇರು," ಅಂದರು ಕ್ಲಾಸಿನ ದನಿಯಲ್ಲಿ. "ಕಟ್ಟಳೆ ಪ್ರಕಾರ ಸರಿಯಾಗಿದೆ."

ಅಜ್ಜನಿಗೆ ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ. ಉಳಿದವರೆಲ್ಲ ಕೆಜಿಯಲ್ಲಿ ಬೆಳೆದವರು, ಅವರಿಗೆ ಸವರಿದ್ದೇನು ರಾಶಿಯೇನು? "ನಾ ಹೇಳಿಲ್ವಾ!" ಎಂದು ಅಜ್ಜ ತೊಡೆ ತಟ್ಟಿದರು. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಕೇಸರಿಬಾತು ಇನ್ನೊಂದು ಸುತ್ತು ಬಂತು, ಮದುವೆಯ ದಿನವೂ ಗೊತ್ತಾಯಿತು.

ಸೊರಬದಿಂದ ವಾಪಸು ಬರುವ ಬಸ್ಸಿನಲ್ಲಿ ಅಮ್ಮ ಮುಂದಿನ ಸೀಟಿನಲ್ಲಿ ನೆಮ್ಮದಿಯಾಗಿ ನಿದ್ದೆ ಹೋದಳು. ನಾನು ಮಾವನ ಕಿವಿಯ ಹತ್ತಿರ ಬಾಗಿದೆ.

"ರಾಶಿ ಹಾಕಿದ್ರಲ್ಲ ಮಾವ!"

"ನೋಡಿದ್ಯಾ?" ಅಂದರು.

"ಸವರಿ ಅಳೆದಿದ್ರೆ ಎಷ್ಟಾಗ್ತಿತ್ತು?"

"ಮೂರೂವರೆ."

ನಗಲು ಹೋದೆ. ಅವರ ಮುಖ ನೋಡಿ ನಿಲ್ಲಿಸಿದೆ.

"ಶಿಕಾರಿಪುರಕ್ಕೆ ಬರೋ ಮುಂಚೆ ನಾವು ಆ ಊರಲ್ಲೇ ಇದ್ವಿ ಕಣೇ. ನಿಮ್ಮಮ್ಮ ಆಗಿನ್ನೂ ಹುಟ್ಟಿರ್ಲಿಲ್ಲ, ಅವಳಿಗೆ ಊರಿನ ಹೆಸರೂ ಯಾರೂ ಹೇಳ್ಲಿಲ್ಲ. ನಮ್ಮಪ್ಪ ಗೇಣಿಗೆ ಮಾಡ್ತಿದ್ದಿದ್ದು ಅವರ ಗದ್ದೆನೇ. ಮನೇಲಿ ಸರಿಯಾಗಿ ಅಳೆದು ಗಾಡಿಗೆ ತುಂಬ್ತಿದ್ದ, ಅಲ್ಲಿ ಹೋಗಿ ಅಳೆದ್ರೆ ಪ್ರತಿ ವರ್ಷ ಕಮ್ಮಿ. ದಾರೀಲಿ ಮಾರ್ಕೊಂಡ ಅಂದ್ರು. ಕಳ್ಳ ಅಂದ್ರು. ಗದ್ದೆ ಬಿಡಿಸಿದ್ರು. ಕೊಳಗನೇ ದೊಡ್ಡದು ಅಂತ ಸಾಯೋ ತನಕ ಹೇಳ್ತಿದ್ದ. ಅವ್ವ ನಂಬ್ಲಿಲ್ಲ." ಚೀಲದೊಳಗಿನ ಸೇರನ್ನು ಮುಟ್ಟಿ ನೋಡಿ, "ನಾನೂ ನಂಬ್ಲಿಲ್ಲ," ಅಂದರು.

ನನಗೆ ಅಳು ತಡೆಯಲಾಗಲಿಲ್ಲ. ಎಷ್ಟು ನಕ್ಕಿದ್ದೆವು ಇವರನ್ನು ನೋಡಿ, ಮನೆಮಂದಿಯೆಲ್ಲ ಸೇರಿ! "ಹಾಗಾದ್ರೆ ಯಾಕೆ ಸುಳ್ಳು ಹೇಳಿದ್ರಿ ಮಾವ? ನಮ್ಮಜ್ಜ ಕಳ್ಳ ಅಲ್ಲ ಅಂತ ಇವತ್ತು ಎಲ್ಲರ ಎದುರಿಗೇ ಹೇಳಬಹುದಿತ್ತಲ್ಲ?"

ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ನಂಗೆ ಗೊತ್ತಾಯ್ತಲ್ಲ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ಹುಡುಗ ಒಳ್ಳೆಯವ್ನೇ ತಾನೆ?" ಎಂದು ಕೇಳಿದರು.

ಹೌದೆಂದು ತಲೆಯಾಡಿಸಿದೆ.

"ಹಂಗಾದ್ರೆ ಮೂರೇ ಸೇರು," ಅಂದರು ಮಾವ.