ನಿಜಲಿಂಗಪ್ಪನ ಭಾನುವಾರ

ಆ ಭಾನುವಾರ ನಿಜಲಿಂಗಪ್ಪ ಹಾಸಿಗೆ ಬಿಟ್ಟು ಏಳಲಿಲ್ಲ. ಧನಕವಡಿಯ ವಠಾರವನ್ನೇ, ಅಂದರೆ ಚಾಳನ್ನೇ, ತಲೆಕೆಳಗು ಮಾಡಿದ ಗಲಾಟೆಗೆ ಕಾರಣ ಇಷ್ಟೇ.

ಬೆಲ್ಲದ ಅಡತಿ ಅಂಗಡಿಯಲ್ಲಿ ಆರು ದಿನ ದುಡಿಯುವ ಗುಮಾಸ್ತ ಏಳನೆಯ ದಿನ ಮಲಗಿದರೆ ತಪ್ಪೇನು ಎಂದು ನೀವು ಕೇಳಬಹುದು. ದೇವರೇ ಏಳನೆಯ ದಿನ ವಿಶ್ರಾಂತಿ ತೆಗೆದುಕೊಂಡನಂತೆ. ಆದರೆ ದೇವರ ಮನೆ ಬಾಗಿಲನ್ನು ಮಾರ್ತಾಂಡ ಬ್ರದರ್ ಹೋಗಿ ಬಡಿಯುವುದಿಲ್ಲ.

ತೊಂಬತ್ತೈದನೆಯ ಇಸವಿಯಲ್ಲಿ ನಿಜಲಿಂಗಪ್ಪನಿಗೆ ಬೆನ್ನುನೋವು ಬಂದಿತ್ತು. ಪ್ರಾರ್ಥನಾ ಕೂಟದ ಪಾಸ್ಟರ್ ಮಾರ್ತಾಂಡ ಬ್ರದರ್ ಬೆನ್ನ ಮೇಲೆ ಕೈಯಿಟ್ಟು ಚಾಳೆಲ್ಲ ಕೇಳುವಂತೆ ಪ್ರಾರ್ಥಿಸಿದರು. ಅದೇ ವಾರ ಹೆಂಡತಿ ಶಿವಗಂಗವ್ವ ಜೋತುಬಿದ್ದ ಮಂಚದ ನವಾರು ಬಿಗಿದಳು. ಬೆನ್ನು ನೆಟ್ಟಗಾಯಿತು. ಕೀರ್ತಿ ಬ್ರದರಿಗೆ ಹೋಯಿತು, ನಿಜಲಿಂಗಪ್ಪ ಕೂಟಕ್ಕೆ ಹೋದ. ಆಮೇಲೆ ಸಿನಿಮಾ ಹೋಯಿತು, ಹಬ್ಬದ ಹೋಳಿಗೆ ಹೋಯಿತು, ಕೊರಳ ಲಿಂಗ ಟ್ರಂಕು ಸೇರಿತು. ಭಾನುವಾರದ ನಿದ್ದೆಯಂತೂ ಪೂರಾ ಹೋಯಿತು. ಯಾರಾದರೂ ಒಂದು ವಾರ ತಪ್ಪಿಸಿದರೆ ಇಡೀ ಕೂಟ ಗಿಟಾರು, ಖಂಜಿರ ಸಮೇತ ಮನೆಗೇ ಬಂದು, ಅವನ ತಲೆ ಮೇಲೆ ಕೈಯಿಟ್ಟು ಹಾಡುವುದು ಅವರ ಪದ್ಧತಿ. ಹೀಗೆ ಮೂರು ವರ್ಷ ನಡೆದಿತ್ತು.

"ಏಳಂಗಿಲ್ಲೇನ್ರಿ? ಕೂಟಕ್ಕ ಹೊತ್ತಾತು" ಎಂದಳು ಶಿವಗಂಗವ್ವ.

"ಇನ್ನ ಮ್ಯಾಲ ಹೋಗಂಗಿಲ್ಲ. ಬಿಟ್ಟೆ."

"ಛಲೋ ಆತು ಬಿಡ್ರಿ. ಆದ್ರ ಅವರು ಬಿಡ್ತಾರೇನು?"

ಅವರು ಬಿಡಲಿಲ್ಲ. ಗಲ್ಲಿಯ ತುದಿಯಲ್ಲಿ ಖಂಜಿರದ ಸದ್ದು ಕೇಳಿದ್ದೇ ತಡ, ನಿಜಲಿಂಗಪ್ಪ ಚಾದರ ಎಸೆದು, ತಂಬಿಗೆ ಹಿಡಿದು ಓಡಿ, ಚಾಳಿನವರಿಗೆಲ್ಲ ಇದ್ದ ಒಂದೇ ಸಂಡಾಸ ಹೊಕ್ಕು ಚಿಲಕ ಹಾಕಿಕೊಂಡ. ಕೂಟವೂ ಹಿಂದೆಯೇ ಬಂದು ಬಾಗಿಲ ಮುಂದೆ ನಿಂತಿತು.

"ಇವನೊಳಗ ಸೈತಾನ ಹೊಕ್ಕಾನ. ಅಂವಾ ಹೊರಗ ಬರೂತನಕ ಹಾಡೂಣು" ಎಂದರು ಬ್ರದರ್.

ಸರದಿಯ ಪಾಳೆಯಲ್ಲಿ ನಿಂತಿದ್ದ ಪಕ್ಕದ ಮನೆಯ ಪಾರವ್ವ ತಂಬಿಗೆ ಕೈ ಬದಲಿಸಿದಳು. "ಸೈತಾನ ಆಮ್ಯಾಲ ಬರಲಿ ಬ್ರದರ. ಮೊದಲ ನಿಜಲಿಂಗಪ್ಪ ಹೊರಗ ಬರಲಿ."

ಹಾಡೂ ಬೆಳೆಯಿತು, ಪಾಳೆಯೂ ಬೆಳೆಯಿತು. ಮಹಡಿಯ ಮೇಲೆ ಯಾರೋ ತಾಳ ಹಾಕತೊಡಗಿದರು. ಕಡೆಗೆ ಬಾಗಿಲು ತೆರೆಯಿತು. ಪಾರವ್ವ ಬಾಣದಂತೆ ಒಳಗೆ ನುಗ್ಗಿದಳು, ನಿಜಲಿಂಗಪ್ಪ ಹೊರಗೆ ಸಿಕ್ಕಿಬಿದ್ದ.

"ಬ್ರದರ, ನನಗ ನಂಬಿಕಿ ಉಳದಿಲ್ರಿ" ಎಂದ. "ಹೋದ ಶ್ರಾವಣದಾಗ ನಮ್ಮವ್ವ ಊರಿಂದ ಪ್ರಸಾದ ತಂದಿದ್ಲು. ನೀವು ಪಾಪ ಅಂದ್ರಿ. ಆಕಿ ಮುಂದನ ಅದನ್ನ ಕಾಗಿಗೆ ಹಾಕಿದೆ. ಆಕಿ ಖಾಲಿ ಡಬ್ಬಿ ಮುಚ್ಚಿ ಚೀಲದಾಗ ಇಟಗೊಂಡ್ಲು. ದೇವರನ್ನ ಪ್ರೀತಿ ಮಾಡಾಕ ಬಂದಿದ್ದೆ, ಎಲ್ಲಾದಕ್ಕೂ ಅಂಜೂದು ಕಲತೆ. ಸಾಕ್ರಿ."

ಖಂಜಿರ ನಿಂತಿತು. ಬ್ರದರಿಗೆ ನಿಜಕ್ಕೂ ಕೆಡುಕೆನಿಸಿತು. "ನಿನ್ನ ಸಲುವಾಗಿ ಪ್ರಾರ್ಥನಾ ಮಾಡ್ತೀವಪ್ಪಾ" ಎಂದು ಗಿಟಾರನ್ನು ಚೀಲಕ್ಕೆ ಹಾಕಿ ಹೊರಟುಹೋದರು.

ನಿಜಲಿಂಗಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು. ಇನ್ನು ಬದುಕಿರುವ ತನಕ ಭಾನುವಾರ ತನ್ನದು. ಮನೆಗೆ ಬಂದವನೇ ಚಾದರ ಎಳೆದುಕೊಂಡ. ಕಣ್ಣು ಮುಚ್ಚುವಷ್ಟರಲ್ಲಿ ಮತ್ತೆ ಬಾಗಿಲು ಬಡಿಯಿತು.

ಚಾಳಿನ ಭಜನಾ ಮಂಡಳಿಯ ಅಧ್ಯಕ್ಷ ದಿಗಂಬರ ಮಾಸ್ತರು, ಹಿಂದೆ ಅರ್ಧ ಚಾಳು. "ನಮ್ಮವ ನಮಗ ತಿರುಗಿ ಬಂದ" ಎಂದು ಮಾಸ್ತರು ಹಾರ ಹಾಕಿದರು, ಹಣೆ ತುಂಬ ವಿಭೂತಿ ಬಳಿದರು. ಬನಿಯನ್ನಿನಲ್ಲಿದ್ದವನನ್ನು ಹಾಗೆಯೇ ಮಾರುತಿ ಗುಡಿಗೆ ಎಳೆದೊಯ್ದರು. ಅಲ್ಲಿ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಮೈಕು, ಹೊಸ ಕೀಬೋರ್ಡು. ನಿಜಲಿಂಗಪ್ಪ ಕಣ್ಣುಜ್ಜಿಕೊಂಡ.

"ಮಂದಿ ಎಲ್ಲಾ ಆ ಕಡೆ ಹೊಂಟಿದ್ರು ನೋಡ್ರಿ, ಅದಕ್ಕ ನಾವೂ ಸುಧಾರಿಸೇವಿ" ಎಂದರು ಮಾಸ್ತರು. "ಅವರು ಸಾಕ್ಷಿ ಅಂತಾರ, ನಾವು ಅನುಭವ ಅಂತೀವಿ. ಹೆಂಗ ಹೋದ್ರಿ, ಹೆಂಗ ಬಂದ್ರಿ, ಹೇಳ್ರಿ. ಇನ್ನ ಪ್ರತಿ ಭಾನುವಾರ ನಿಮ್ಮದ ಮೊದಲ. ಮತ್ತ ಡಿಸೆಂಬರದಾಗ ಅವರು ಕೇಕ್ ಕೊಟ್ರ ತಿನಬ್ಯಾಡ್ರಿ, ಪಾಪ."

ನಿಜಲಿಂಗಪ್ಪ ಮೈಕು ಹಿಡಿದುಕೊಂಡೇ ಕೇಳಿದ. "ಒಂದ ವಾರ ಬರಾಕ ಆಗಲಿಲ್ಲಂದ್ರ?"

"ಏನೂ ಚಿಂತಿಲ್ರಿ. ಇಡೀ ಮಂಡಳಿ ಡೋಲಕ ತಗೊಂಡು ನಿಮ್ಮ ಮನಿಗೇ ಬರ್ತದ." ಮಾಸ್ತರು ಅವನ ಬೆನ್ನು ತಟ್ಟಿದರು. "ಇವತ್ತ ನಿಮ್ಮ ಸಲುವಾಗಿ ತಡಾ ಆತು. ನಾವು ಅವರಂಗ ಹೊತ್ತೇರಿದ ಮ್ಯಾಲ ದೇವರನ್ನ ಎಬ್ಬಿಸೂ ಮಂದಿ ಅಲ್ಲ. ಮುಂದಿನ ವಾರ ನಸಿಕಿನ್ಯಾಗ ದೇವರಿಗೆ ಸುಪ್ರಭಾತ ಹಾಡೂ ಕಾಕಡಾರತಿಗೇ ಬಂದುಬಿಡ್ರಿ, ಮುಂಜಾನೆ ನಾಕಕ್ಕ."