ಸಣ್ಣಪ್ಪನ ಪಥ್ಯ

ಇನ್ನೊಬ್ಬರ ತಟ್ಟೆಯ ಮೇಲೆ ಕಣ್ಣಿಡುವುದು ನನಗೆ ಅಂಟಿದ ಹಳೆಯ ಚಟ. ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ನನ್ನ ಎಲೆಗಿಂತ ಪಕ್ಕದ ಎಲೆಯ ಚಿಂತೆಯೇ ಹೆಚ್ಚು. "ಬಿಪಿ ಐತೆ ಅಂತಿದ್ರಿ, ಹಪ್ಪಳ ಯಾಕೆ ಹಾಕಿಸ್ಕಂಡ್ರಿ?" ಎಂದು ಕೇಳಿ ಎಷ್ಟೋ ಜನರ ಊಟ ಕೆಡಿಸಿದ್ದೇನೆ. ನನ್ನ ಹೆಂಡತಿ ಶಾರದೆ ಇದನ್ನು ತಾಲ್ಲೂಕು ಆಫೀಸಿನ ರೋಗ ಎನ್ನುತ್ತಾಳೆ. ಹಗಲೆಲ್ಲ ಬೇರೆಯವರ ಅರ್ಜಿಯಲ್ಲಿ ಕೊಕ್ಕೆ ಹುಡುಕುವವನು ಮನೆಗೆ ಬಂದ ಮೇಲೆ ಸುಮ್ಮನೆ ಹೇಗೆ ಕೂತಾನು ಎಂಬುದು ಅವಳ ವಾದ. ಇಂಥ ನನ್ನ ಕೈಗೆ ಅಂಗೈಯಗಲದ ಒಂದು ನಾಯಿಮರಿಯ ಪಥ್ಯ ಬಂದು ಬಿದ್ದದ್ದು ಆ ಮರಿಯ ಗ್ರಹಚಾರವೆಂದೇ ಹೇಳಬೇಕು.

ಇನ್ನೂ ಎಲ್ಲರ ಕೈಗೆ ಸ್ಮಾರ್ಟ್‌ಫೋನು ಬಂದಿರದ ಕಾಲ ಅದು. ಅಪ್ಪ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಿಂದ ನಿವೃತ್ತರಾಗಿ ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದರು. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಜೀವಮಾನವಿಡೀ ರೈಲಿನ ಸದ್ದಿಗೆ ಎದ್ದು ಮಲಗಿದ ಮನುಷ್ಯನಿಗೆ ನಮ್ಮ ಬೀದಿಯ ನಿಶ್ಶಬ್ದ ಒಗ್ಗಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಜೊತೆಗೊಂದು ಜೀವವಿರಲಿ ಎಂದು ಆಫೀಸಿನ ಗೆಳೆಯನೊಬ್ಬನ ಭೀಮಸಮುದ್ರದ ಮನೆಯಿಂದ ಪಮೇರಿಯನ್ ಮರಿಯೊಂದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಲೇ, ನಾಯಿ ತರ್ತೀನಿ ಅಂತ ಹೋಗಿ ಹತ್ತಿ ತಂದಿದೀಯಲ್ಲೋ" ಎಂದರು. ನಾನು ಅದಕ್ಕೆ ಪ್ರಿನ್ಸ್ ಎಂದು ಹೆಸರಿಟ್ಟೆ. ಮರುದಿನದಿಂದಲೇ ಅದು ಅಪ್ಪ ಕರೆದಂತೆ ಸಣ್ಣಪ್ಪ ಎಂದರೆ ಮಾತ್ರ ತಿರುಗಿ ನೋಡತೊಡಗಿತು.

ಈ ಸಣ್ಣಪ್ಪನಿಗೆ ಏನು ಹಾಕಬೇಕು? ನಾಯಿ ತಂದ ಮನೆಗೆ ಊರೇ ಡಾಕ್ಟರಾಗುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ನಮ್ಮ ಆಫೀಸಿನ ಜವಾನ ಹಿರಿಯೂರು ಕಡೆಯವನು, ಕುರಿ ಸಾಕುವ ಮನೆತನ. "ನಮ್ಮ ಹಟ್ಟಿ ನಾಯಿ ಮುದ್ದೆ ತಿಂದು ತೋಳದ ಹಿಂದೆ ಬೀಳ್ತವೆ ಸಾರ್, ಮುದ್ದೆ ಹಾಕ್ರಿ" ಎಂದ. ಹಾಕಿದೆ. ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂಬ ನಮ್ಮ ಸೀಮೆಯ ಮೊದಲ ಪಾಠ ಆ ಮರಿಗೆ ಗೊತ್ತಿರಲಿಲ್ಲ. ಅಗಿಯಿತು. ಮುದ್ದೆ ಅಂಗುಳಿಗೆ ಅಂಟಿಕೊಂಡು, ಪಾಪದ್ದು ಬಾಯಿ ಮುಚ್ಚಲಾರದೆ ಮನೆಯೆಲ್ಲ ಸುತ್ತು ಹೊಡೆಯಿತು. ಅಪ್ಪ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ಮುದ್ದೆ ಬಿಡಿಸುತ್ತಾ, "ನುಂಗೋದು ಕಲೀಬೇಕಪ್ಪ ಸಣ್ಣಪ್ಪ" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅಮ್ಮ ಹೋದ ಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು. ಹೊಸದುರ್ಗದ ನನ್ನ ಭಾವಮೈದ ಕೂದಲಿಗೆ ಹೊಳಪು ಬರುತ್ತದೆಂದು ಕೊಬ್ಬರಿ ತಿನ್ನಿಸಿ ಹೋದ. ಹೊಳಪಿನ ಮಾತಿರಲಿ, ಎರಡು ದಿನ ಹಜಾರ ತೊಳೆದೇ ತೊಳೆದೆವು.

ಕೊನೆಗೆ ಪಶುವೈದ್ಯರ ಹತ್ತಿರ ಹೋದೆ. ಎಮ್ಮೆ, ಎತ್ತುಗಳ ನಡುವೆ ನನ್ನ ಬ್ಯಾಗು ನೋಡಿ ಅವರಿಗೂ ನಗು ಬಂತು. "ಸಣ್ಣ ಜಾತಿ ಇದು, ಹೊಟ್ಟೆ ನಿಂಬೆಹಣ್ಣಿನಷ್ಟು. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕ್ರಿ. ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಸಿಹಿ, ಖಾರ ಬ್ಯಾಡ. ಉಪವಾಸ ಮಾತ್ರ ಕೆಡವಬ್ಯಾಡ್ರಿ, ಇಷ್ಟು ಸಣ್ಣ ಮೈ ತಡೆಯಲ್ಲ" ಎಂದರು. ಅದೇ ವಾರ ಅಪ್ಪನಿಗೆ ಸಕ್ಕರೆ ಕಾಯಿಲೆ ಇರುವುದೂ ಪತ್ತೆಯಾಯಿತು. ನನ್ನ ಮನೆಯಲ್ಲಿ ಒಮ್ಮೆಗೇ ಇಬ್ಬರು ಪಥ್ಯದವರು. ನನ್ನ ಚಟಕ್ಕೆ ಅದಕ್ಕಿಂತ ದೊಡ್ಡ ಹಬ್ಬ ಬೇಕೇ?

ಅಪ್ಪ ತಮ್ಮ ಪಥ್ಯದ ಬಗ್ಗೆ ಒಂದು ದಿನವೂ ಗೊಣಗಲಿಲ್ಲ. ಅವರ ಚಿಂತೆಯೆಲ್ಲ ನಾಯಿಯದೇ. ಸಂಜೆಯಾದರೆ ಹಿತ್ತಲ ಮೆಟ್ಟಿಲಿನಿಂದ ದನಿ ಬರುತ್ತಿತ್ತು: "ಶಾರದಮ್ಮ, ನಾಯಿ ಹಸ್ಕಂಡಂಗೈತೆ. ಒಂದೀಟು ಹುರಿಗಡ್ಲೆ ಬೆಲ್ಲ ಇದ್ರೆ ಕೊಡಮ್ಮ." ನಾನು ಪೇಪರಿನಿಂದ ತಲೆ ಎತ್ತದೆಯೇ ಶುರು ಮಾಡುತ್ತಿದ್ದೆ: "ಅಪ್ಪ, ಸಣ್ಣ ಜಾತಿ ನಾಯಿಗೆ ಬೆಲ್ಲ ಆಗಲ್ಲ. ಹಲ್ಲು ಹಾಳಾಗ್ತವೆ. ಕಡ್ಲೆ ಹೊಟ್ಟೆ ಉಬ್ಬರಿಸುತ್ತೆ." ಅಪ್ಪ "ಹೂಂ, ನೀನು ಓದಿರೋನು" ಎನ್ನುತ್ತಿದ್ದರು. ಅಷ್ಟರಲ್ಲಿ ಶಾರದೆ ಏನೋ ಕೊಟ್ಟು ಬಂದಿರುತ್ತಿದ್ದಳು. ನಾನು ಅವಳಿಗೂ ಉಪದೇಶ ಮಾಡುತ್ತಿದ್ದೆ.

ಸಣ್ಣಪ್ಪನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಅದೇ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತಿದ್ದ ಅಪ್ಪ ಹಾಗೆಯೇ ಗೋಡೆಗೆ ಒರಗಿದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಮಣ್ಣು ಮಾಡಿ ಬಂದೆವು. ನೆಂಟರು ಬಂದರು, ಅತ್ತರು, ಹೋದರು. ಆ ಗಲಾಟೆಯಲ್ಲಿ ನಾಯಿ ಏನೂ ತಿಂದಿಲ್ಲವೆಂಬುದು ನನಗೆ ತಡವಾಗಿ ಗೊತ್ತಾಯಿತು.

ಮೆತ್ತಗಿನ ಅನ್ನ ಇಟ್ಟೆ, ಮೂಸಲಿಲ್ಲ. ಮೊಟ್ಟೆ, ಕೋಳಿ ಇಟ್ಟೆ. ದಾವಣಗೆರೆಗೆ ಹೋಗಿ ನಾಯಿಗಳ ಪೊಟ್ಟಣದ ಆಹಾರ ತಂದು ಹಾಲಿನಲ್ಲಿ ನೆನೆಸಿಟ್ಟೆ. ಅದು ಮೆಟ್ಟಿಲ ಮೇಲೆ ಮೂತಿ ಇಟ್ಟುಕೊಂಡು ಮಲಗಿತ್ತೇ ಹೊರತು ಕಣ್ಣೂ ಎತ್ತಲಿಲ್ಲ. ಕೂದಲಿನ ಕೆಳಗೆ ಪಕ್ಕೆಲುಬು ಕೈಗೆ ಸಿಗತೊಡಗಿತು. ವೈದ್ಯರು ನೋಡಿ, "ಕಾಯಿಲೆ ಏನಿಲ್ಲ. ಆದ್ರೆ ನಾಳೆಯೊಳಗೆ ತಿನ್ನದಿದ್ರೆ ಕಷ್ಟ" ಎಂದರು. ಅಪ್ಪ ಬಿಟ್ಟು ಹೋದ ಒಂದೇ ಒಂದು ಜೀವವೂ ಕೈ ತಪ್ಪುತ್ತಿದೆ ಎನಿಸಿ ನನಗೆ ನಿಜವಾಗಿಯೂ ಭಯವಾಯಿತು. ಅಪ್ಪ ಹೋದ ದಿನ ಹತ್ತು ಜನರ ಮುಂದೆ ಗಟ್ಟಿಯಾಗಿದ್ದವನು ಆ ಸಂಜೆ ನಾಯಿಯ ತಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ.

ಶಾರದೆ ಒಳಗಿನಿಂದ ಒಂದು ಸಣ್ಣ ಡಬ್ಬಿ ತಂದಳು. ಒಳಗೆ ಹುರಿಗಡಲೆ, ಬೆಲ್ಲದ ಚೂರು. "ಮಾವ ಕೂರ್ತಿದ್ದ ಜಾಗದಾಗೆ ಕುಂತ್ಕಳ್ರಿ. ಇದನ್ನ ತಿನ್ರಿ" ಎಂದಳು.

"ನಾಯಿಗೆ ಬೆಲ್ಲ ಆಗಲ್ಲ ಅಂತ ಎಷ್ಟು ಸಲ ಹೇಳ್ಲಿ ನಿನಗೆ" ಎಂದೆ, ಅಳುತ್ತಲೇ.

"ನಾಯಿ ಯಾವತ್ತಾದ್ರೂ ಬೆಲ್ಲ ತಿಂದಿದ್ದು ನೋಡಿದೀರಾ ನೀವು?" ಎಂದಳು ಅವಳು. "ತಿಂತಿದ್ದೋರು ಮಾವ. ಅವರೊಂದು ಕಾಳು ಬಾಯಿಗೆ ಹಾಕ್ಕಂಡು, ಅದಕ್ಕೊಂದು ತುತ್ತು ಅನ್ನ ಕೊಡೋರು. ಸೊಸೆ ಹತ್ರ ನಂಗೆ ಕೊಡು ಅಂತ ಬಾಯಿಬಿಟ್ಟು ಕೇಳ್ತಾರಾ? ಕಡ್ಲೆ ಕೊಟ್ಟ ದಿನ ನಾನು ರಾತ್ರಿ ಅವರ ಮುದ್ದೆ ಅರ್ಧ ಮಾಡ್ತಿದ್ದೆ. ಅದು ಅವರಿಗೂ ಗೊತ್ತಿತ್ತು."

ನಮ್ಮ ಕಡೆಯ ಗಂಡಸರು ಹಸಿವನ್ನು ತಮ್ಮ ಹೆಸರಿನಲ್ಲಿ ಹೇಳಿಕೊಳ್ಳುವುದಿಲ್ಲ. ನನ್ನ ತಾತ ಹೊಲದಿಂದ ಬಂದು "ಎತ್ತಿಗೆ ನೀರು ಕುಡಿಸಿದ್ರಾ?" ಎಂದರೆ ಅಜ್ಜಿ ಎತ್ತಿನ ಕಡೆ ತಿರುಗಿಯೂ ನೋಡದೆ ತಟ್ಟೆ ಹಾಕುತ್ತಿದ್ದಳು. ಇದನ್ನೆಲ್ಲ ನೋಡಿಯೇ ಬೆಳೆದ ನಾನು, ಅಪ್ಪ ನಾಯಿಗೆ ಎಂದರೆ ನಾಯಿಗೇ ಎಂದುಕೊಂಡು ಹಲ್ಲು, ಹೊಟ್ಟೆ ಎಂದು ಭಾಷಣ ಬಿಗಿಯುತ್ತಿದ್ದೆ. ಅವರಿಬ್ಬರೂ ಅದನ್ನು ಕೇಳಿಸಿಕೊಂಡು ಒಳಗೊಳಗೇ ಎಷ್ಟು ನಕ್ಕರೋ ಏನೋ.

ಮೆಟ್ಟಿಲ ಮೇಲೆ ಕೂತೆ. ಒಂದು ಕಾಳು ಬಾಯಿಗೆ ಹಾಕಿಕೊಂಡು ಕಟುಂ ಎನಿಸಿದೆ. ಸಣ್ಣಪ್ಪನ ಕಿವಿ ಎದ್ದಿತು. ಅನ್ನದ ತುತ್ತು ಹಿಡಿದೆ. ಅದು ನನ್ನ ಮುಖವನ್ನು ತುಂಬ ಹೊತ್ತು ನೋಡಿತು, ನಾನು ಅಪ್ಪನಲ್ಲವೆಂಬುದು ಅದಕ್ಕೆ ಗೊತ್ತಿತ್ತು. ಇನ್ನೊಂದು ಕಾಳು ಅಗಿದೆ. ಆಗ ಹತ್ತಿರ ಬಂದು ಬೆರಳು ನೆಕ್ಕಿ ತಿಂದಿತು. ಆ ಸಂಜೆ ಬಾಯಲ್ಲಿ ಬೆಲ್ಲವಿದ್ದರೂ ನನಗೆ ಉಪ್ಪುಪ್ಪೇ ಆಗಿತ್ತು.

ಅಂದಿನಿಂದ ಸಂಜೆಯ ಪಾಳಿ ನನ್ನದಾಯಿತು. ಸಣ್ಣ ಜಾತಿ ನಾಯಿಗೆ ಏನು ಹಾಕಬೇಕೆಂದು ಯಾರಾದರೂ ಕೇಳಿದರೆ, ಏನಾದರೂ ಹಾಕಿ, ಪಕ್ಕದಲ್ಲಿ ಕೂತು ನೀವೂ ತಿನ್ನಿ ಎನ್ನುತ್ತಿದ್ದೆ. ಈ ಪಥ್ಯದಲ್ಲಿ ಸಣ್ಣಪ್ಪ ಮುದಿಯಾಗುವವರೆಗೂ ಬಾಳಿ, ಹೋದ ವರ್ಷ ನಿದ್ದೆಯಲ್ಲೇ ಹೋದ. ಹಿತ್ತಲ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದೆವು. ಅಷ್ಟು ವರ್ಷದ ಬೆಲ್ಲದ ಫಲವೋ, ಅಪ್ಪನ ಬಳುವಳಿಯೋ, ನನಗೂ ಸಕ್ಕರೆ ಬಂದಿದೆ. ಈಗ ನನ್ನ ತಟ್ಟೆಯ ಮೇಲೆ ಶಾರದೆಯ ಕಣ್ಣು.

ಮೊನ್ನೆ ಸಂಜೆ ಅದೇ ಮೆಟ್ಟಿಲ ಮೇಲೆ ಕೂತಿದ್ದೆ. ಹೊಟ್ಟೆ ಚುರುಗುಟ್ಟಿತು. "ಶಾರದಾ, ನಾಯಿ ಹಸ್ಕಂಡಂಗೈತೆ. ಒಂದೀಟು ಕಡ್ಲೆ ಇದ್ರೆ ಕೊಡು" ಎಂದೆ. ಹೇಳಿದ ಮೇಲೆ ಕಣ್ಣು ಕರಿಬೇವಿನ ಕಡೆ ಹೋಯಿತು, ನಾಲಗೆ ಕಚ್ಚಿಕೊಂಡೆ. ಒಳಗೆ ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು. ಶಾರದೆ ಬಂದು ನನ್ನ ಅಂಗೈಗೆ ಒಂದು ಹಿಡಿ ಕಡಲೆ, ಉಗುರಿನಷ್ಟು ಬೆಲ್ಲ ಹಾಕಿ, ಕರಿಬೇವಿನ ಕಡೆ ನೋಡುತ್ತಾ ಹೇಳಿದಳು:

"ರಾತ್ರಿ ನಾಯಿಗೆ ಅರ್ಧ ಮುದ್ದೆ."