ಸಂಘದ ಬೇಲಿಯನ್ನು ಆರೋಗಿಸಿದ ಮೇಕೆಯವರಿಗೆ

ಮಾನ್ಯ ಮೇಕೆಯವರೇ,

ತಮ್ಮ ನಾಲ್ಕು ಕಾಲು, ಎರಡು ಕೊಂಬು ಹಾಗೂ ಅಪಾರವಾದ ಹೊಟ್ಟೆಗೆ ಬೇರೆಬೇರೆಯಾಗಿ ನಮಸ್ಕರಿಸಿ, ಊರಿನ ಮರ ಬೆಳೆಸುವ ಸಂಘದ ಕಾರ್ಯದರ್ಶಿಯಾದ ನಾನು ವಿನಯಪೂರ್ವಕ ಸಲ್ಲಿಸುವ ದೂರು.

ಊರ ಹಿಂದಿನ ಬೋಳುಗುಡ್ಡದಲ್ಲಿ ಸೀಬೆ, ನೇರಳೆ ಬೆಳೆಸಿ, ಹಣ್ಣು ಮಾರಿ ನಾವೆಲ್ಲ ಬದುಕಬೇಕೆಂಬುದು ನಮ್ಮ ಯೋಜನೆ. ಮಳೆಗಾಲ ಮುಗಿಯುವುದರೊಳಗೆ ಅಲ್ಲಿ ಸಸಿ ಕಾಣದಿದ್ದರೆ ಗುಡ್ಡವನ್ನು ಕಲ್ಲು ಒಡೆಯುವವರಿಗೆ ಕೊಟ್ಟುಬಿಡುವುದಾಗಿ ಮೇಲಿನವರು ಹೇಳಿದ್ದಾರೆ. ಸಸಿಗಳನ್ನು ಮಕ್ಕಳಂತೆ ಸಾಕಿದವರು ನನ್ನ ಅತ್ತಿಗೆ. ತಮ್ಮನ್ನು ಸಾಕಿದವರೂ ಅವರೇ. ಆ ಸಂಬಂಧದಲ್ಲಿ ತಾವು ನುಂಗಿದ್ದು ಒಡಹುಟ್ಟಿದವರನ್ನು ಎಂಬುದನ್ನು ಬಿಡುವಾದಾಗ ಮೆಲುಕು ಹಾಕಬೇಕು.

ಇನ್ನು ಬೇಲಿ. ಮುಳ್ಳು ಕಡಿದು ಹಾಕಿದರೆ ಸಾಕು ಎಂದು ಅತ್ತಿಗೆ ಹೇಳಿದಾಗ, ಕಾಲೇಜಿನ ಮೆಟ್ಟಿಲು ಹತ್ತಿದವನಾದ ನಾನು, ಮುಳ್ಳು ಹಿಂಸೆಯ ಸಂಕೇತವೆಂದು ಭಾಷಣ ಬಿಗಿದು, ಹಸಿ ಸೊಪ್ಪು ತುಂಬಿದ ಕೊಂಬೆಗಳಿಂದ, ನೋಡಿದವರ ಕಣ್ಣು ತಂಪಾಗುವಂತೆ, ಬೇಲಿ ಹೆಣೆಸಿದೆ. ತಮ್ಮ ಹೊಟ್ಟೆಯೂ ತಂಪಾಯಿತು. ಮೊದಲು ಬೇಲಿ, ಆಮೇಲೆ ಸಸಿ. ಎಲೆ ಹಾಕಿದ ಮೇಲೆ ಊಟಕ್ಕೆ ಬರದಿರುವುದು ಸೌಜನ್ಯವಲ್ಲವೆಂದು ತಾವು ಭಾವಿಸಿರಬೇಕು.

ಈ ಯೋಜನೆಯಿಂದ ಮೈತುಂಬಿಕೊಂಡ ಏಕೈಕ ಫಲಾನುಭವಿ ತಾವೇ ಆದ್ದರಿಂದ, ವಾರ್ಷಿಕ ವರದಿಯ ಮುಖಪುಟಕ್ಕೆ ತಮ್ಮ ಭಾವಚಿತ್ರವನ್ನು, ಸಾಧ್ಯವಾದರೆ ಬಾಯಿ ಮುಚ್ಚಿಕೊಂಡಿರುವುದನ್ನು, ದಯಪಾಲಿಸಬೇಕು. ತಿಂದ ಸಸಿಗಳನ್ನು ಬೇರುಸಹಿತ ಅದೇ ಗುಂಡಿಗಳಿಗೆ ಹಿಂತಿರುಗಿಸಬೇಕು. ಗೊಬ್ಬರದ ರೂಪದಲ್ಲಿ ತಾವಾಗಲೇ ಕಂತು ಕಟ್ಟುತ್ತಿರುವುದನ್ನು ಸಂಘ ಗಮನಿಸಿದೆ.

ಸಭೆಯಲ್ಲಿ ನಾನು ತಪ್ಪನ್ನೆಲ್ಲ ತಮ್ಮ ತಲೆಗೆ ಕಟ್ಟಿದ್ದು ನಿಜ. “ಅದು ಬೇಲಿ ಅಂತ ನಮಗೇ ಗೊತ್ತಾಗ್ಲಿಲ್ಲ ಮೈದುನ್ರೇ, ಪಾಪ, ಮೇಕೆಗೆ ಹೇಗೆ ಗೊತ್ತಾಗ್ಬೇಕು” ಎಂದರು ಅತ್ತಿಗೆ. ಖಜಾಂಚಿ ನಕ್ಕೂ ನಕ್ಕೂ ಕೆಮ್ಮಿಕೊಂಡರು. ಈಗ ಅವರೆಲ್ಲ ಗುಡ್ಡಕ್ಕೆ ಮುಳ್ಳು ಹೊರುತ್ತಿದ್ದಾರೆ. ಕಾರ್ಯದರ್ಶಿಗೆ ವಹಿಸಿರುವ ಕಾರ್ಯ ತಮ್ಮನ್ನು ಹಿಡಿದುಕೊಂಡಿರುವುದು.

ಹಗ್ಗದ ಇನ್ನೊಂದು ತುದಿಯಿಂದ,
ತಮ್ಮ ವಿಶ್ವಾಸಿ,
ಕಾರ್ಯದರ್ಶಿ

ವಿ.ಸೂ.: ಅತ್ತಿಗೆ ಅರ್ಧದಷ್ಟು ಸಸಿಗಳನ್ನು ಬಚ್ಚಲಮನೆಯ ಹಿಂದೆ ಬಚ್ಚಿಟ್ಟಿದ್ದರಂತೆ. ಇವತ್ತು ನೆಡುತ್ತಿರುವುದು ಅವನ್ನೇ, ಗುಡ್ಡ ನಮಗೇ ಉಳಿಯುವ ಹಾಗಿದೆ. ತಮಗೆ ಹೆದರಿ ಬಚ್ಚಿಟ್ಟರೆಂದು ಬೀಗಬೇಡಿ. ಬೇಲಿಯ ಹೊಣೆ ನನ್ನದೆಂದು ತೀರ್ಮಾನವಾದ ಸಂಜೆಯೇ ಅವನ್ನು ಸಾಗಿಸಿಬಿಟ್ಟಿದ್ದರಂತೆ.